ಒಗರು ಹೋದ ದಿನ

ಜನವರಿ ೯

ಸ್ವಸ್ತಿ ಸಮಸ್ತ ಸೀಸೆ-ಬುದ್ದಲಿ-ಪೀಪಾಯಿ ವಂದಿತೆ, ಹುಳಿಕುಲ ಶಿರೋಮಣಿ, ವಿನಿಗರ್ ಕಾರ್ಖಾನೆಯ ಮೂರನೆಯ ಮಹಡಿಯ ಏಕಚ್ಛತ್ರಾಧೀಶ್ವರಿ, ಕೆಮ್ಮಿದರೂ ಮೊಹರು ಒತ್ತಿಯೇ ಕೆಮ್ಮುವ ಗುಣಪರೀಕ್ಷಕಿ, ಒಡಹುಟ್ಟಿದವನ ನಾಲ್ಕು ಹಾಳೆ ಕಾಗದಕ್ಕೆ ಒಂದೂವರೆ ಸಾಲು ಉತ್ತರ ದಯಪಾಲಿಸುವ ದಾನಶೂರೆ ಆದ ನನ್ನ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು, ಸ್ವಂತ ಮೊಣಕಾಲನ್ನೇ ಮೇಜು ಮಾಡಿಕೊಂಡು, ತಮ್ಮನಾದ ಬಿರಡೆ ಮಾಡುವ ಸಾಷ್ಟಾಂಗ ವಿಜ್ಞಾಪನೆ.

ಈ ಮನೆ ಬಿಟ್ಟು ಹೊರಟಾಗ ತಾವು ಎರಡು ಶಾಸನ ಹೊರಡಿಸಿದ್ದಿರಿ. ಒಂದು, ಫೋನು ಕೂಡದು, ಕಾಗದ ಬರೆಯಬಹುದು, ಅದರಲ್ಲೂ ಮನೆಯ ಸುದ್ದಿ ಬೇಡ, ವೈನಿನ ಸುದ್ದಿ ಮಾತ್ರ. ಎರಡು, ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದು: "ಆ ವೈನಿನ ಒಗರು ಹೋದ ದಿನ ಹೇಳಿಕಳಿಸಿ, ಬರ್ತೀನಿ." ಶಾಸನಗಳು ಇಂದಿಗೂ ಜಾರಿಯಲ್ಲಿವೆ. ಆದ್ದರಿಂದ ವೈನಿನ ಸುದ್ದಿ.

ಹೊರಡುವ ಮುಂಚೆ ನೀನು ತುಂಬಿಸಿಟ್ಟ ನಿನ್ನ ಪೀಪಾಯಿ ಅದೇ ಮೂಲೆಯಲ್ಲಿದೆ. ನಾಲ್ಕು ವರ್ಷವಾಗುತ್ತ ಬಂತು. ಇವತ್ತು ಬೆಳಿಗ್ಗೆ ಅಪ್ಪ ಅದರ ಬಾಯಿ ತೆರೆದು, ಗಾಜಿನ ಕೊಳವೆ ಇಳಿಬಿಟ್ಟು, ಎರಡು ಲೋಟದ ತಳ ಮುಚ್ಚುವಷ್ಟು ಮೇಲೆತ್ತಿದರು. ಬಣ್ಣ: ಲೋಟದ ಆಚೆ ಹಿಡಿದ ದೀಪ ಕಾಣಲಿಲ್ಲ. ಮೂಗಿಗೆ: ಅತಿಯಾಗಿ ಕಳಿತ ಕಪ್ಪು ಹಣ್ಣು, ಹಳೆಯ ಚರ್ಮದ ಚೀಲ, ಪೆನ್ಸಿಲ್ ಕೆತ್ತಿದ ಪುಡಿ. ನಾಲಿಗೆಗೆ: ಮೊದಲು ಆದರ, ಆಮೇಲೆ ಅನುಮಾನ, ಆಮೇಲೆ ನಾಲಿಗೆ ರಾಜೀನಾಮೆ ಕೊಟ್ಟು ಗಂಟಲಲ್ಲಿ ತಲೆಮರೆಸಿಕೊಂಡಿತು. ಕೆನ್ನೆಗಳೆರಡೂ ಒಳಗಿನಿಂದ ಒಂದನ್ನೊಂದು ಹಿಡಿದುಕೊಂಡವು. ಹಲ್ಲುಗಳಿಗೆ ಯಾರೋ ಉಣ್ಣೆಯ ಸ್ವೆಟರ್ ತೊಡಿಸಿದ ಹಾಗಾಯಿತು.

ಅಪ್ಪ ಬಕೆಟ್ಟಿಗೆ ಉಗುಳಿ, "ಮೈ ಇದೆ" ಎಂದರು. ಕೊಳವೆ ಒರೆಸಿಡುತ್ತ, "ಒಗರೂ ಇದೆ" ಎಂದರು. ಇದು ಈ ವಾರದ ಅವರ ಸುದೀರ್ಘ ಭಾಷಣ.

ಇನ್ನೊಂದು ವಿಷಯ. ಪೀಪಾಯಿಯ ಮರ ವೈನನ್ನು ಕುಡಿಯುತ್ತದೆ, ನಿನಗೆ ನಾನು ಹೇಳಿಕೊಡಬೇಕೇ. ಮಟ್ಟ ಇಳಿದ ಜಾಗಕ್ಕೆ ಗಾಳಿ ಸೇರಿದರೆ ಎಲ್ಲವೂ ನಿನ್ನ ಕಾರ್ಖಾನೆಯ ಸರಕಾಗುತ್ತದೆ. ಉಳಿದ ಪೀಪಾಯಿಗಳಿಗೆ ಅಪ್ಪ ಒಂದರಿಂದ ಇನ್ನೊಂದಕ್ಕೆ ಸುರಿದು ಕಂಠಮಟ್ಟ ತುಂಬಿಸುತ್ತಾರೆ. ನಿನ್ನದಕ್ಕೆ ಮಾತ್ರ ಬೇರೆ ವೈನಿನ ಒಂದು ಹನಿ ಸೋಕಿಸಲು ಬಿಡುವುದಿಲ್ಲ. ಬದಲಿಗೆ ಗೋಲಿ ಹಾಕುತ್ತಾರೆ. ಹೌದು, ಅಟ್ಟದ ಮೇಲಿದ್ದ ನಿನ್ನ ಗೋಲಿ ಡಬ್ಬಿ. ಒಂದೊಂದನ್ನೂ ಕುದಿಸಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪೀಪಾಯಿಯ ಬಾಯೊಳಗೆ ಬಿಡುತ್ತಾರೆ. ಮಟ್ಟ ತಾನಾಗಿ ಮೇಲೇರುತ್ತದೆ, ವೈನಿಗೆ ಏನೂ ಬೆರೆಯುವುದಿಲ್ಲ. ನ್ಯಾಯವಾಗಿ ನೋಡಿದರೆ ಅವೆಲ್ಲ ನನ್ನ ಗೋಲಿಗಳು, ನೀನು ಮೋಸದಿಂದ ಗೆದ್ದವು. ಡಬ್ಬಿ ಖಾಲಿಯಾದ ಮೇಲೆ ಹೊಳೆಯ ಕಲ್ಲಿಗೆ ಬಂದಿದ್ದಾರೆ. ಪೀಪಾಯಿಯನ್ನು ತುಸು ಅಲುಗಿಸಿದರೆ ಒಳಗೆ ಯಾರೋ ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದು.

ಕೊನೆಯದಾಗಿ, ಲೋಟ ತಿರುಗಿಸಿದಾಗ ಗಾಜಿನ ಮೇಲೆ ನಿಧಾನವಾಗಿ ಇಳಿಯುವ ಗೆರೆಗಳಿಗೆ ನೀವು ಕಸಬಿನವರು ವೈನಿನ ಕಾಲು ಎನ್ನುತ್ತೀರಲ್ಲ, ಆ ಬಗ್ಗೆ ಒಂದು ಮಾತು. ಈಚೆಗೆ ವೈನಿನ ಕಾಲು ಊದಿಕೊಳ್ಳುತ್ತಿದೆ. ಸಂಜೆಗೆ ಚಪ್ಪಲಿ ಹಿಡಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ವೈನು ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತದೆ.

ಇದು ಶುದ್ಧ ವೈನಿನ ಸುದ್ದಿ. ಶಾಸನ ಮುರಿದಿಲ್ಲ.

ತಮ್ಮ ಪಾದಧೂಳಿಯ ಮೇಲಿನ ಧೂಳು,
ಬಿರಡೆ

&nbsp;

ಜನವರಿ ೨೪

ಬಿರಡೆ,

ವೈನಿನ ಕಾಲು ಊದುವುದಿಲ್ಲ. ಡಾಕ್ಟರಿಗೆ ತೋರಿಸಿದಿರಾ? ಏನೆಂದರು? ನೆಟ್ಟಗೆ ಬರೆ.

ಗೋಲಿಗಳಲ್ಲಿ ಬಣ್ಣದ ಎಳೆ ಒಳಗಿರುವವು ಸರಿ. ಮೇಲೆ ಬಣ್ಣ ಬಳಿದವನ್ನು ಹಾಕಕೂಡದು. ಹಾಲುಬಿಳಿಯದು ಒಂದಿತ್ತು, ದೊಡ್ಡದು. ಅದು ಮೋಸದಿಂದ ಗೆದ್ದದ್ದಲ್ಲ, ಅಮ್ಮ ಕೊಟ್ಟದ್ದು. ಅದನ್ನೂ ಹಾಕಿದರೇ?

ಅಕ್ಕ

&nbsp;

ಫೆಬ್ರವರಿ ೧೧

ಸಕಲ ಬೆರಕೆ ಸಂಹಾರಿಣಿಯವರಿಗೆ,

ನೆಟ್ಟಗೆ ಬರೆ ಎಂದೆ. ಬರೆಯುತ್ತೇನೆ, ಸ್ವಲ್ಪ ವಾಲಿದರೆ ಕ್ಷಮಿಸು, ಹುಟ್ಟುಗುಣ.

ಡಾಕ್ಟರ ಬಳಿ ಹೋದೆವು. ಉದ್ದನೆಯ ಕಾರಿಡಾರು, ಗೋಡೆಗೆ ಅಂಟಿಸಿದ ಕುರ್ಚಿಗಳು, ಎಲ್ಲರೂ ತಮ್ಮ ತಮ್ಮ ಎಕ್ಸ್‌ರೇ ಲಕೋಟೆಯನ್ನು ಮದುವೆಯ ಆಲ್ಬಂ ಹಿಡಿದ ಹಾಗೆ ಎದೆಗೆ ಒತ್ತಿಕೊಂಡು ಕೂತಿದ್ದರು. ನಮ್ಮ ಸರದಿ ಬಂತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಸಿಕ್ಕಿಸಿ, "ಹೃದಯ ದೊಡ್ಡದಾಗಿದೆ" ಎಂದರು.

"ಇವರದೇನಾ? ಇನ್ನೊಂದು ಸಲ ಹೆಸರು ನೋಡಿಬಿಡಿ" ಎಂದೆ ನಾನು.

ಡಾಕ್ಟರು ನಗಲಿಲ್ಲ. ಅಪ್ಪ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಉಸಿರು ಹೋಯಿತು, ನರ್ಸು ಬಂದು ನನ್ನನ್ನು ದುರುಗುಟ್ಟಿ ನೋಡಿದಳು. ಹೃದಯ ಹಳೆಯ ಚೀಲದ ಹಾಗೆ ಸಡಿಲವಾಗಿದೆಯಂತೆ. ಉಪ್ಪು ಬೇಡ, ಮೆಟ್ಟಿಲು ಬೇಡ, ವೈನು ಬೇಡ. ಅಪ್ಪನನ್ನು ಹೊರಗೆ ಕೂರಿಸಿ ವಾಪಸು ಹೋಗಿ, ಮುಂದಿನ ಚಳಿಗಾಲದ ಹೊತ್ತಿಗೆ ಹೇಗಿರುತ್ತಾರೆ ಎಂದು ಕೇಳಿದೆ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

ಈಗ ಅಪ್ಪನ ಮಂಚ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ. ನೆಲಮಾಳಿಗೆಯ ಆಡಳಿತ ನನ್ನ ಕೈಗೆ ಬಂದಿದೆ, ದೇಶಕ್ಕೆ ಒಳ್ಳೆಯದಾಗಲಿ. ದಿನಾ ಬೆಳಿಗ್ಗೆ ಕೊಳವೆಯಲ್ಲಿ ಒಂದೊಂದು ಪೀಪಾಯಿಯದೂ ಒಂದು ಗುಟುಕು ಮೇಲಕ್ಕೆ ತರುತ್ತೇನೆ. ಅವರು ಬಾಯಲ್ಲಿ ಹೊರಳಿಸಿ ಬೋಗುಣಿಗೆ ಉಗುಳುತ್ತಾರೆ. ನಿನ್ನದನ್ನು ಮಾತ್ರ ಉಗುಳುವುದಿಲ್ಲ, ಅದು ಡಾಕ್ಟರಿಗೆ ಗೊತ್ತಿಲ್ಲ.

ನಿನ್ನೆ ಪೀಪಾಯಿ ಮಾಡುವ ಬಡಗಿ ಮಾವ ನೋಡಲು ಬಂದಿದ್ದರು. ಅವರಿಗೆ ಕಿವಿ ಮಂದ, ಹಾಗಾಗಿ ಊರೆಲ್ಲ ಮಂದ ಎಂದು ತಿಳಿದು ಕೂಗಿ ಮಾತಾಡುತ್ತಾರೆ.

"ಮಗಳಿಗೆ ಒಂದು ಕಾಗದ ಹಾಕಪ್ಪ. ಬಂದು ಮುಖ ತೋರಿಸಿ ಹೋಗಲಿ" ಎಂದರು.

"ಒಗರು ಹೋಗಿಲ್ಲ" ಎಂದರು ಅಪ್ಪ.

"ಯಾರದು?"

ಅಪ್ಪ ಗೋಡೆಯ ಕಡೆ ಹೊರಳಿದರು. ಬಡಗಿ ಮಾವ ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳಿಸಬಾರದೆಂದು ಇನ್ನೂ ಜೋರಾಗಿ, "ನಿಮ್ಮಪ್ಪ ಬರೀ ಕಬ್ಬಿಣದ ಬಳೆ ಬಿಗಿದಿರೋ ಪೀಪಾಯಿ ಕಣೋ. ಸುತ್ತಿಗೆ ಹಿಡಿದು ಬಡಿದ್ರೆ ಬಿಚ್ಚಲ್ಲ, ಒಡೆಯುತ್ತೆ" ಎಂದರು.

ಅಕ್ಕ, ಅಪ್ಪ ಕರೆಯುವವರಲ್ಲ. ಅವರ ಮಾತಿನಲ್ಲಿ ನಾನು ಎಂಬ ಪದವೇ ಇಲ್ಲ ಎಂದು ನೀನು ಗಮನಿಸಿದ್ದೀಯಾ? ಊಟ ಆಯ್ತು. ಕಾಲು ನೋಯ್ತಿದೆ. ನಿದ್ದೆ ಬರಲಿಲ್ಲ. ಯಾರಿಗೆ, ಯಾರದು, ಎಂದು ಕೇಳುವವರೇ ಹುಡುಕಿಕೊಳ್ಳಬೇಕು. ಬಾಡಿಗೆ ಮನೆಯ ಬಗ್ಗೆ ಮಾತಾಡುವ ಹಾಗೆ ಸ್ವಂತ ಮೈ ಬಗ್ಗೆ ಮಾತಾಡುತ್ತಾರೆ.

ಒಂದು ಪ್ರಶ್ನೆ, ನಾಲ್ಕು ವರ್ಷದಿಂದ ಕೇಳಬೇಕೆಂದಿದ್ದದ್ದು. ಅಮ್ಮ ಹೋಗಿ ತಿಂಗಳಾಗಿರಲಿಲ್ಲ. ಆವತ್ತು ನೀವಿಬ್ಬರೂ ಕೆಳಗೆ ಹೋದಿರಿ, ಮೇಲೆ ಬಂದವಳು ನೀನು ಸೀದಾ ಚೀಲ ತುಂಬಿಕೊಂಡು ಹೊರಟೆ. ಕೆಳಗೆ ಏನಾಯಿತು?

ನಿನ್ನ ಕುತೂಹಲಿ,
ಬಿರಡೆ

&nbsp;

ಮಾರ್ಚ್ ೬

ಬಿರಡೆ,

ಒಂದು ಸಲ ಬರೆಯುತ್ತೇನೆ. ಮತ್ತೆ ಕೇಳಬೇಡ, ಇದರ ಮೇಲೆ ತಮಾಷೆ ಕಟ್ಟಬೇಡ.

ಆ ವರ್ಷ ತೊಟ್ಟಿಯಲ್ಲಿ ದ್ರಾಕ್ಷಿ ಉಕ್ಕುತ್ತಿದ್ದಾಗಲೇ ಅಮ್ಮ ಆಸ್ಪತ್ರೆ ಸೇರಿದಳು. ಉಕ್ಕುವಾಗ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಹೊದಿಕೆಯಾಗುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಕೋಲಿನಿಂದ ಒಳಕ್ಕೆ ಅದುಮಬೇಕು, ಇಲ್ಲದಿದ್ದರೆ ಕೆಡುತ್ತದೆ. ಅಪ್ಪ ಹೊಸ ಪೀಪಾಯಿ ತರಲು ಹೋಗಿದ್ದರು. ಮುಂಗಡವಾಗಿ ಹೇಳಿಟ್ಟ ಪೀಪಾಯಿ, ದೂರದ ದಾರಿ, ಅಮ್ಮನೇ ಹೋಗಿಬನ್ನಿ ಎಂದಿದ್ದಳು. ನಾನು ಆಸ್ಪತ್ರೆಗೂ ನೆಲಮಾಳಿಗೆಗೂ ಓಡಾಡುತ್ತಿದ್ದೆ. ಆ ಸಂಜೆ ಅವಳಿಗೆ ನಿದ್ದೆ ಹತ್ತಿತ್ತು. ಸಿಪ್ಪೆ ಅದುಮಿ ಬಂದುಬಿಡುತ್ತೇನೆ ಎಂದು ನರ್ಸಿಗೆ ಹೇಳಿ ಬಂದೆ. ಕೋಲು ಸಿಗಲಿಲ್ಲ, ಕೈಯಲ್ಲೇ ಅದುಮಿದೆ. ಕೈ ತೊಳೆಯದೆ ಓಡಿದೆ.

ಹೋದಾಗ ಹಾಸಿಗೆಯ ಹೊದಿಕೆ ಮಡಿಸಿಟ್ಟಿದ್ದರು. ನನ್ನ ಕೈ ಮೊಣಕೈವರೆಗೆ ಕೆಂಪಾಗಿದ್ದನ್ನು ನೋಡಿ ನರ್ಸು, ಪಾಪ, ಏಟಾಗಿದೆ ಎಂದುಕೊಂಡು ಹತ್ತಿ ತರಲು ಹೋದಳು.

ಆಮೇಲೆ ತೊಟ್ಟಿಯ ಕಡೆ ಯಾರೂ ಹೋಗಲಿಲ್ಲ. ಸಿಪ್ಪೆ, ಬೀಜ, ತೊಟ್ಟು ಎಲ್ಲ ರಸದಲ್ಲೇ ನೆನೆದುಕೊಂಡು ಬಿದ್ದಿದ್ದವು. ಆ ಒಗರು ಅಲ್ಲಿಯದು. ಹಿಂಡಿ ಪೀಪಾಯಿಗೆ ತುಂಬಿದ ದಿನ, ನೀನು ಕೇಳುವ ಆ ದಿನ, ಅಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಉಗುಳುತ್ತಾರೆ ಎಂದು ಬಕೆಟ್ಟು ಮುಂದೆ ತಳ್ಳಿದೆ. ಉಗುಳಲಿಲ್ಲ, ನುಂಗಿದರು. ಪೀಪಾಯಿಯ ಮೇಲೆ ಕೈಯಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದರು: "ಬೇಕಾದ ಹೊತ್ತಿಗೆ ಇರಲಿಲ್ಲ."

ಅಷ್ಟೇ. ತೊಟ್ಟಿಯ ಹತ್ತಿರ ಎಂದರೋ, ಅಮ್ಮನ ಹತ್ತಿರ ಎಂದರೋ, ಎರಡೂ ನಿಜ. ನಾನು ಎರಡು ಕಡೆಯೂ ಬೇಕಾದ ಹೊತ್ತಿಗೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಅವರ ಬಾಯಿಂದ ಕೇಳಬೇಕಾಗಿರಲಿಲ್ಲ.

ಉಪ್ಪು ಕೊಡಬೇಡ. ಕಾಲಿನ ಕೆಳಗೆ ದಿಂಬು ಇಡು.

ಅಕ್ಕ

&nbsp;

ಮಾರ್ಚ್ ೧೯

ಅಕ್ಕ,

ತಮಾಷೆ ಕಟ್ಟಬೇಡ ಎಂದೆ. ಕಟ್ಟುತ್ತಿಲ್ಲ. ಆದರೆ ನಿನ್ನ ತಮ್ಮ ಇಂದಿನಿಂದ ವ್ಯಾಕರಣ ಚಕ್ರವರ್ತಿ, ಈ ಪಟ್ಟವನ್ನು ನಿರಾಕರಿಸಲು ನನಗೆ ಅಧಿಕಾರವಿಲ್ಲ. ಶಾಂತವಾಗಿ ಓದು.

ಬಂದೆ ಎಂದರೆ ನಾನು. ಬಂದಳು ಎಂದರೆ ಅವಳು. ಬಂದರು ಎಂದರೆ ಅಪ್ಪ. ಬಂದವರ ಬಾಲ ಹಿಡಿದು ನಮ್ಮ ಭಾಷೆ ಅವರು ಯಾರೆಂದು ಹೇಳಿಬಿಡುತ್ತದೆ. ಆದರೆ ಬರಲಿಲ್ಲ ಎಂದರೆ? ನಾನೂ ಬರಲಿಲ್ಲ, ನೀನೂ ಬರಲಿಲ್ಲ, ಅಪ್ಪನೂ ಬರಲಿಲ್ಲ, ಬಸ್ಸೂ ಬರಲಿಲ್ಲ. ಬಂದವರಿಗೆ ಒಬ್ಬೊಬ್ಬರಿಗೂ ಗುರುತಿದೆ, ಬಾರದವರೆಲ್ಲ ಒಂದೇ. ಬೇಕಾದ ಹೊತ್ತಿಗೆ ಇರಲಿಲ್ಲ. ಯಾರು? ಆ ವಾಕ್ಯದಲ್ಲಿ ಯಾರೂ ಇಲ್ಲ, ಅಕ್ಕ. ಖಾಲಿ ಜಾಗವಿದೆ. ನೀನು ಹೋಗಿ ಅದರಲ್ಲಿ ಕೂತುಕೊಂಡೆ.

ಆ ಹೊತ್ತಿಗೆ ಅಪ್ಪ ಎಲ್ಲಿದ್ದರು? ಗಾಡಿಯ ಮೇಲೆ ಒಂದು ಪೀಪಾಯಿಯನ್ನು ಹಗ್ಗದಿಂದ ಬಿಗಿದುಕೊಂಡು ದಾರಿಯ ನಡುವೆ ಎಲ್ಲೋ. ಅವರು ಬಂದದ್ದು ಮಾರನೆಯ ಮಧ್ಯಾಹ್ನ. ಪೀಪಾಯಿಗೆ ಗೀರು ಬೀಳಬಾರದೆಂದು ನಿಧಾನವಾಗಿ ಓಡಿಸಿದೆ ಎಂದು ಗಾಡಿಯವನು ಹೆಮ್ಮೆಯಿಂದ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿದೆ. ಅದೇ ಪೀಪಾಯಿಯಲ್ಲಿ ನಿನ್ನ ವೈನು ಇದೆ. ಅದೇ ಪೀಪಾಯಿಯ ಮೇಲೆ ಕೈಯಿಟ್ಟುಕೊಂಡು ಆ ಮಾತು ಹೇಳಿದ್ದು.

ಇಲ್ಲದವರ ಪಟ್ಟಿಯಲ್ಲಿ ಮೂರನೆಯವನೂ ಒಬ್ಬನಿದ್ದಾನೆ, ಈ ಬಿರಡೆ. ಆ ಸಂಜೆ ಆಸ್ಪತ್ರೆಯ ಕಾಂಪೌಂಡಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಸುತ್ತು ಹೊಡೆಯುತ್ತಿದ್ದ, ವಾಚ್‌ಮನ್‌ಗೆ ಸಿಟ್ಟು ಬರಿಸಲು. ಅವನನ್ನು ಯಾರೂ ಬೈಯಲೂ ಇಲ್ಲ. ಲೆಕ್ಕಕ್ಕೆ ಇಲ್ಲದವನಿಗೆ ಅದೊಂದು ಸೌಲಭ್ಯ.

ಸರಿ, ಚಕ್ರವರ್ತಿ ಪ್ರಮಾಣಕ್ಕಾಗಿ ಮೂಲಕ್ಕೇ ಹೋದ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಅಪ್ಪ, ಹಿಂಡಿದ ದಿನ ಅಕ್ಕನ ಹತ್ರ 'ಇರಲಿಲ್ಲ' ಅಂದ್ರಂತಲ್ಲ. ಯಾರು ಇರಲಿಲ್ಲ?"

"ನೆನಪಿಲ್ಲ." (ನೋಡಿದೆಯಾ, ಇದರಲ್ಲೂ ಯಾರೂ ಇಲ್ಲ.)

"ನೀವಾ? ಅವಳಾ?"

"ನೀರು ಕೊಡು."

ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡರು. ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು. ಅದು ಪೂರ್ತಿ ನಿಂತ ಮೇಲೆ ಕೇಳಿದರು, "ಅದಕ್ಕಾ ಹೋದದ್ದು?"

"ಹ್ಞೂಂ."

"ಅದಕ್ಕಾ" ಎಂದು ಇನ್ನೊಂದು ಸಲ ಅಂದರು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ನೀರಿನ ಲೋಟವನ್ನು ವೈನಿನ ಲೋಟದ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದರು.

ಇದಕ್ಕಿಂತ ಹೆಚ್ಚು ಪ್ರಮಾಣ ಬೇಕೆಂದರೆ ನನ್ನ ಬಳಿ ಇಲ್ಲ. ಬಾ ಅಕ್ಕ. ಕಾಲಿನ ಊತ ಈಗ ಮಂಡಿಗೆ ಬಂದಿದೆ.

ಬಿರಡೆ

&nbsp;

ಏಪ್ರಿಲ್ ೩

ಬಿರಡೆ,

ನಿನ್ನ ವ್ಯಾಕರಣ ಚೆನ್ನಾಗಿದೆ. ಮೂರು ಸಲ ಓದಿದೆ. ಆದರೆ ಅದು ನಿನ್ನದು, ಅವರದಲ್ಲ.

ಸೀಸೆಯ ಮೇಲೆ ಬರೆದದ್ದೂ ಸೀಸೆಯ ಒಳಗಿದ್ದದ್ದೂ ಒಂದೇ ಹೌದೇ ಎಂದು ನೋಡುವುದೇ ನನಗಿಲ್ಲಿ ಕೆಲಸ. ಬೆರಕೆ ಮಾಡುವವರೆಲ್ಲ ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ, ರುಚಿ ಬರಲಿ ಎಂದು. ಒಳ್ಳೆಯ ಮಾತನ್ನು ನಂಬಿ ಅಲ್ಲಿಗೆ ಬಂದು, ಅವರು ಮತ್ತೆ ಗೋಡೆಯ ಕಡೆ ಹೊರಳಿದರೆ, ಇನ್ನೊಂದು ಸಲ ಆ ಮೆಟ್ಟಿಲು ಹತ್ತಿ ಹೊರಗೆ ಬರುವ ಶಕ್ತಿ ನನಗಿಲ್ಲ.

ಅವರೇ ಬರೆದುಕೊಡಲಿ. ಯಾರು ಎಂದು. ಒಂದು ಪದ ಸಾಕು.

ಅಕ್ಕ

&nbsp;

ಏಪ್ರಿಲ್ ೨೦

ಮಗಳಿಗೆ,

ಮಟ್ಟ ಸರಿ ಇದೆ. ಬಿಳಿ ಗೋಲಿ ಹಾಕಿಲ್ಲ.

ಬೇಕಾದ ಹೊತ್ತಿಗೆ ನಾನು ಇರಲಿಲ್ಲ.

ಅಪ್ಪ

&nbsp;

ಮೇ ೩೦

ಬಿರಡೆ,

ನಿನ್ನೆ ಸಂಜೆ ಬಂದು ತಲುಪಿದೆ. ಕಾರ್ಖಾನೆಯಲ್ಲಿ ಎಲ್ಲರೂ ಮುಖ ನೋಡಿ ಏನಾಯಿತು ಎಂದು ಕೇಳಿದರು. ಏನೂ ಇಲ್ಲ, ಮನೆಗೆ ಹೋಗಿದ್ದೆ ಎಂದೆ. ಆ ಮಾತು ಬಾಯಿಂದ ಹೊರಟದ್ದು ನನಗೇ ವಿಚಿತ್ರವಾಗಿ ಕೇಳಿಸಿತು.

ನಾನಿದ್ದ ಅಷ್ಟು ದಿನವೂ ನೀನು ನಮ್ಮಿಬ್ಬರ ನಡುವೆ ಕೋಡಂಗಿಯ ಹಾಗೆ ಕುಣಿದೆ, ಒಂದು ಘಳಿಗೆ ಸುಮ್ಮನಿರಲಿಲ್ಲ. ಬಯ್ಯುತ್ತಿಲ್ಲ. ಆದರೆ ನೀನು ಔಷಧಿ ತರಲು ಹೋದ ಆ ಮಧ್ಯಾಹ್ನದ ಬಗ್ಗೆ ನಿನಗೆ ಹೇಳಿರಲಿಲ್ಲ.

ನೆಲಮಾಳಿಗೆಗೆ ಇಳಿದು ನಾನೇ ಕೊಳವೆ ಹಾಕಿ ತಂದೆ. ಲೋಟವನ್ನು ಅವರ ಕೈಗೆ ಕೊಟ್ಟರೆ ನಡುಗುತ್ತಿತ್ತು, ಹಾಗಾಗಿ ನಾನು ಹಿಡಿದೆ, ಅವರು ನನ್ನ ಕೈ ಹಿಡಿದರು. ಮೊದಲು ಅವರು, ಆಮೇಲೆ ಅದೇ ಲೋಟದಲ್ಲಿ ನಾನು. ಬಣ್ಣದ ಅಂಚು ಇಟ್ಟಿಗೆಗೆಂಪಿನ ಕಡೆ ತಿರುಗಿದೆ, ನೋಡಿದೆಯಾ? ಹಣ್ಣಿನ ವಾಸನೆ ಹಿಂದಕ್ಕೆ ಸರಿದು ಒದ್ದೆ ಮಣ್ಣು, ಸುಟ್ಟ ಕಟ್ಟಿಗೆ ಮುಂದೆ ಬಂದಿದೆ. ಬಾಯಿ ತುಂಬುತ್ತದೆ. ಕೊನೆಗೆ, ಎಲ್ಲ ಇಳಿದ ಮೇಲೆ, ಅದು ಬಂತು. ಮೊದಲಿನ ಹಾಗೆ ಕಚ್ಚುವುದಿಲ್ಲ. ಕೆನ್ನೆಯ ಮೇಲೆ ಕೈಯಿಟ್ಟ ಹಾಗೆ ಬಂದು ನಿಲ್ಲುತ್ತದೆ.

ಬೇರೆ ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಇದೇ: "ಇನ್ನೂ ಒಗರಿದೆ."

"ಇರಲಿ" ಎಂದರು ಅಪ್ಪ.

ಲೋಟ ಕೆಳಗಿಟ್ಟೆ. "ಕಾಗದ ಬಂತು" ಎಂದೆ. "ಹ್ಞೂಂ" ಎಂದರು. ಕನ್ನಡಕದ ಡಬ್ಬಿ ತೆಗೆದುಕೊಡು ಎಂದು ಸನ್ನೆ ಮಾಡಿದರು. ಅದರಲ್ಲಿ ಕನ್ನಡಕ ಇರಲಿಲ್ಲ. ಹಾಲುಬಿಳಿಯ ಗೋಲಿ ಇತ್ತು. ಈಗ ಅದು ಇಲ್ಲಿ ನನ್ನ ಮೇಜಿನ ಮೇಲಿದೆ.

ಅವರ ಕಾಗದವನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದೇನೋ, ಮಡಿಕೆಯಲ್ಲಿ ಹರಿಯುತ್ತಿದೆ. ಚೌಕಟ್ಟು ಹಾಕಿಸಬೇಕು. ಒಂದು ವಿಷಯ ಗಮನಿಸಿದೆ. "ನಾನು" ಎಂಬುದು ಸಾಲಿನಲ್ಲಿಲ್ಲ, ಸ್ವಲ್ಪ ಮೇಲಿದೆ, ಕೆಳಗಿನಿಂದ ಒಂದು ಗುರುತು ಹಾಕಿ ಸೇರಿಸಿದೆ. ಬರೆದು ಮುಗಿಸಿ, ಮಡಿಸಿ, ಆಮೇಲೆ ಮತ್ತೆ ಬಿಚ್ಚಿ ಬರೆದಿರಬೇಕು. ಹಾಗೆ ಬಿಚ್ಚಿದ ಆ ಹೊತ್ತನ್ನೇ ಯೋಚಿಸುತ್ತಿರುತ್ತೇನೆ. ಜೀವಮಾನವಿಡೀ ಬಾಯಿಗೆ ಬಾರದಿದ್ದ ಪದ.

ಶಾಸನ ರದ್ದಾಗಿದೆ. ಮನೆಯ ಸುದ್ದಿ ಬರೆ. ಎಲ್ಲ ಬರೆ.

ಅಕ್ಕ

&nbsp;

ಆಗಸ್ಟ್ ೧೭

ಅಕ್ಕ,

ಬಿರುದುಗಳನ್ನು ಬರೆಯಲು ಕೂತೆ, ಒಂದೂ ಏಳಲಿಲ್ಲ. ಇವತ್ತು ಬರೀ ಅಕ್ಕ.

ಎರಡನೆಯ ಸಲ ಬಂದಿದ್ದು ನೀನು ಹೊರಟ ಮೇಲೆ ಮನೆ ದೊಡ್ಡದಾಯಿತು. ಡಾಕ್ಟರ ಭಾಷೆಯಲ್ಲಿ ಅದು ಒಳ್ಳೆಯ ಲಕ್ಷಣವಲ್ಲ. ಮುಂದಿನ ಕೋಣೆಯ ಮಂಚ ಒಳಗೆ ಹಾಕಿದೆ. ಮಂಚದ ಕಾಲುಗಳ ಗುರುತು ನೆಲದ ಮೇಲೆ ಹಾಗೇ ಇದೆ, ಉಜ್ಜಿದರೂ ಹೋಗುವುದಿಲ್ಲ. ಬೆಳಿಗ್ಗೆ ಅಭ್ಯಾಸಬಲದಿಂದ ಕೊಳವೆಯಲ್ಲಿ ಗುಟುಕು ತುಂಬಿಕೊಂಡು ಮೇಲೆ ಬರುತ್ತೇನೆ, ಬಾಗಿಲಲ್ಲಿ ನಿಲ್ಲುತ್ತೇನೆ, ಮತ್ತೆ ಕೆಳಗೆ ಹೋಗುತ್ತೇನೆ. ಒಂದು ದಿನ ಹಾಗೆ ನಿಂತಿದ್ದಾಗ ಬಡಗಿ ಮಾವ ಬಂದರು. "ಅದನ್ನ ಹಿಡ್ಕೊಂಡು ಯಾಕೋ ನಿಂತಿದ್ದೀಯ?" ಎಂದು ಕೂಗಿದರು. ಮಾವನಿಗೆ ರುಚಿ ತೋರಿಸಲು ಎಂದೆ. ಅವರು ಕುಡಿದು, ಬಾಯಿ ಒರೆಸಿಕೊಂಡು, "ಅವನು ಹೋಗಿದ್ದು ನನಗೂ ಗೊತ್ತು ಕಣೋ" ಎಂದು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದರು.

ಅಪ್ಪನ ಕೊನೆಯ ವಾರದಲ್ಲಿ ನೀನು ಮತ್ತೆ ಓಡಿಬಂದು ಬೇಕಾದ ಹೊತ್ತಿಗೆ ಇದ್ದೆ. ಇದ್ದೆ ಎಂದರೆ ಯಾರು ಎಂಬುದರಲ್ಲಿ ಸ್ವಲ್ಪ ಗೊಂದಲವಿದೆ, ನಾನೂ ಇದ್ದೆ, ನೀನೂ ಇದ್ದೆ. ಚಕ್ರವರ್ತಿ ಇದನ್ನು ಲೋಪವೆಂದು ಪರಿಗಣಿಸುವುದಿಲ್ಲ.

ಮೊನ್ನೆ ಮಾವನೂ ನಾನೂ ಸೇರಿ ನಿನ್ನ ಪೀಪಾಯಿಯನ್ನು ಸೀಸೆಗಳಿಗೆ ಇಳಿಸಿದೆವು. ಹೊರಗಿನಿಂದ ಪೀಪಾಯಿ ತುಂಬಿತ್ತು, ಕಂಠಮಟ್ಟ. ಕೊಳಾಯಿ ಬಿಟ್ಟರೆ ಅರ್ಧಕ್ಕೇ ನಿಂತುಹೋಯಿತು. ಉಳಿದದ್ದೆಲ್ಲ ಗೋಲಿ, ಕಲ್ಲು, ತಳದಲ್ಲಿ ಗಸಿ. ಪೀಪಾಯಿಯ ಮುಂಭಾಗ ಬಿಚ್ಚಿದಾಗ ಅವು ನೆಲಮಾಳಿಗೆಯ ತುಂಬ ಉರುಳಿಕೊಂಡು ಹೋದವು. ಮಾವನೂ ನಾನೂ ಮೊಣಕಾಲೂರಿ ಮೂಲೆಮೂಲೆಯಿಂದ ಹೆಕ್ಕಿದೆವು. ನಮ್ಮ ಗೋಲಿಗಳು ಒಂದೂ ಗುರುತು ಸಿಗುವುದಿಲ್ಲ, ಎಲ್ಲ ಒಂದೇ ಕಪ್ಪುಗೆಂಪು. ಹೊಳೆಯ ಕಲ್ಲುಗಳಿಗೆ ಬಣ್ಣ ಒಳಗಿನವರೆಗೂ ಇಳಿದಿದೆ, ಒಂದನ್ನು ಮಾವ ಸುತ್ತಿಗೆಯಿಂದ ಒಡೆದು ನೋಡಿದರು. ಗೋಲಿಗಳನ್ನು ತೊಳೆದರೆ ಬಿಡಬಹುದು. ತೊಳೆದಿಲ್ಲ.

ಸೀಸೆಗಳು ಎಣಿಸಿದರೆ ನಾಚಿಕೆಯಾಗುವಷ್ಟು ಕಡಿಮೆ. ಅರ್ಧ ನಿನಗೆ ಕಟ್ಟಿಟ್ಟಿದ್ದೇನೆ. ಬಿರಡೆಗಳನ್ನು ಬಿರಡೆಯೇ ಜಡಿದದ್ದು. ಕುಡಿಯುವ ಮುಂಚೆ ಒಂದು ದಿನ ನಿಲ್ಲಿಸಿಡು, ಗಸಿ ಇಳಿಯಲಿ. ಇನ್ನೂ ಹತ್ತು ವರ್ಷ ತಡೆಯುತ್ತದೆ ಎಂದು ಮಾವ ಹೇಳಿದರು. ಒಗರು ಇರುವುದಕ್ಕೇ ತಡೆಯುವುದಂತೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಸಪ್ಪೆಯಾಗಿ ಸತ್ತಿರುತ್ತಿತ್ತಂತೆ.

ನಿನ್ನ ಮೇ ತಿಂಗಳ ಕಾಗದ ಓದಿದಾಗಲೇ ಒಂದು ಮಾತು ಹೊಳೆದಿತ್ತು, ಅಪ್ಪ ಇದ್ದಾಗ ಬರೆಯಲು ಧೈರ್ಯವಾಗಲಿಲ್ಲ. ಇರಲಿಲ್ಲ ಎಂಬುದನ್ನು ನಾಲ್ಕು ವರ್ಷ ಪೀಪಾಯಿಯಲ್ಲಿಟ್ಟರೆ ಇರಲಿ ಆಗುತ್ತದೆ. ಕೊನೆಯ ಅಕ್ಷರವನ್ನು ಮರ ಕುಡಿದುಬಿಡುತ್ತದೆ. ಅಪ್ಪ ಇಷ್ಟನ್ನು ಯೋಚಿಸಿ ಹೇಳಿದರೋ, ಸುಮ್ಮನೆ ಬಾಯಿಗೆ ಬಂತೋ, ಕೇಳಲು ಈಗ ಯಾರಿದ್ದಾರೆ. ಆದರೆ ಆ ಮಾತು ಪೂರ್ತಿ ಅವರದೇ. ನಾನು ಔಷಧಿ ಅಂಗಡಿಯಲ್ಲಿದ್ದೆ, ಅದಕ್ಕೆ ನೀನೇ ಸಾಕ್ಷಿ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದು.

ಆ ಕಾಗದಕ್ಕೆ ಚೌಕಟ್ಟು ಹಾಕಿಸುತ್ತೇನೆ ಎಂದಿದ್ದೆಯಲ್ಲ. ಗಾಜಿನ ಅಂಗಡಿಗೆ ಕೊಟ್ಟಿಲ್ಲ ತಾನೇ? ಏಪ್ರಿಲ್ಲಿನಲ್ಲಿ ನಿನ್ನ ಉತ್ತರ ಬಂದ ಮೇಲೆ ಅಪ್ಪನ ತೊಡೆಯ ಮೇಲೆ ಹಲಗೆ ಇಟ್ಟು, "ಅಕ್ಕನಿಗೆ ಆವತ್ತು ಏನು ಹೇಳಬೇಕಿತ್ತೋ ಅದನ್ನ ಬರೆದುಕೊಡಿ" ಎಂದೆ. ತುಂಬ ಹೊತ್ತು ಕೂತಿದ್ದು ಬರೆದರು. ಆವತ್ತು ಹೇಳಿದ್ದನ್ನೇ ಬರೆದರು, ಹೇಳಿದಷ್ಟನ್ನೇ. ಮಡಿಸಿ ಕೊಟ್ಟರು. ಅಂಚೆ ಡಬ್ಬಿಯ ಮುಂದೆ ನಿಂತು ಬಿಚ್ಚಿ ನೋಡಿದವನು ನಾನು. ನಡುವೆ ಅದೇ ಖಾಲಿ ಜಾಗ. ಖಾಲಿ ಬಿಟ್ಟರೆ ಗಾಳಿ ಸೇರಿ ಕೆಡುತ್ತದೆ ಎಂದು ಕಲಿಸಿದವರು ನೀವಿಬ್ಬರೇ. ಬೇರೆ ಏನೂ ಬೆರೆಸಲಿಲ್ಲ. ಒಂದು ಗೋಲಿ ಹಾಕಿದೆ.

ಅಪ್ಪ ಬರೆದ ಸಾಲಿನಲ್ಲಿ "ನಾನು" ಇರಲಿಲ್ಲ.

ಬಿರಡೆ